ಯಾವ ಕೊರಿಯರ್ ಆರಿಸಲಿ? ಸಣ್ಣ ಆನ್‌ಲೈನ್ ಮಾರಾಟಗಾರರಿಗೆ ಒಂದು ಹೋಲಿಕೆ

ಆನ್‌ಲೈನ್ ಮಾರಾಟ ಶುರು ಮಾಡಿದವರು ಮೊದಲು ಕೇಳುವುದು ಒಂದೇ ಮಾತು: ಯಾವ ಕೊರಿಯರ್ ಕಡಿಮೆ ರೇಟಿಗೆ ಸಿಗುತ್ತದೆ? ಕೇಳಬೇಕಾದದ್ದೇ. ಒಂದೊಂದು ಆರ್ಡರ್‌ನಲ್ಲಿ ಉಳಿಯುವುದೇ ಸ್ವಲ್ಪ ಇರುವಾಗ ಸಾಗಣೆಯ ಖರ್ಚಿನ ಮೇಲೆ ಕಣ್ಣು ಹೋಗದೆ ಇರುತ್ತದೆಯೇ? ಆದರೆ ದರಪಟ್ಟಿಯಲ್ಲಿ ಬರೆದಿರುವುದು ಸಲೀಸಾಗಿ ಹೋಗಿ ತಲುಪುವ ಪಾರ್ಸೆಲ್‌ನ ಲೆಕ್ಕ. ಬೀಗ ಹಾಕಿದ ಮನೆಯಿಂದ ವಾಪಸ್ ಬಂದದ್ದು, ದಾರಿಯಲ್ಲಿ ಒಡೆದದ್ದು, ತೂಕ ಜಾಸ್ತಿ ಇತ್ತು ಎಂದು ತಿಂಗಳ ಕೊನೆಗೆ ಹೆಚ್ಚುವರಿ ಬಿಲ್ ಬಂದದ್ದು, ಇವು ಯಾವುವೂ ಅಲ್ಲಿ ಇರುವುದಿಲ್ಲ. ದುಡ್ಡು ಸೋರುವುದು ಅಲ್ಲೇ. ಆದ್ದರಿಂದ ಕೊರಿಯರ್ ಆರಿಸುವಾಗ, ಎಲ್ಲ ಸರಿಯಾಗಿ ನಡೆದ ದಿನ ಅವರು ಎಷ್ಟು ಕೇಳುತ್ತಾರೆ ಎನ್ನುವುದಕ್ಕಿಂತ, ಏನಾದರೂ ಎಡವಟ್ಟಾದ ದಿನ ಏನು ಮಾಡುತ್ತಾರೆ ಎಂದು ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ನಿಮ್ಮ ಬಾಕ್ಸ್ ಅಳೆಯಿರಿ

ಕಂಪನಿಗಳನ್ನು ಹೋಲಿಸುವ ಮುಂಚೆ ನಿಮ್ಮದೇ ಸರಕನ್ನು ಅಳೆದುಕೊಳ್ಳಿ. ಒಂದು ಅಳತೆ ಟೇಪು, ಒಂದು ಡಿಜಿಟಲ್ ತಕ್ಕಡಿ ಸಾಕು. ನೀವು ಜಾಸ್ತಿ ಕಳಿಸುವ ಎರಡು ಮೂರು ವಸ್ತುಗಳನ್ನು ಪೂರ್ತಿ ಪ್ಯಾಕ್ ಮಾಡಿ, ಟೇಪು ಸುತ್ತಿ, ಲೇಬಲ್ ಅಂಟಿಸಿದ ಮೇಲೆ ತೂಗಿ. ಬರೀ ವಸ್ತುವಿನ ತೂಕ ಹಿಡಿದುಕೊಂಡು ದರ ಕೇಳಿದರೆ ಸಿಗುವ ಉತ್ತರ ಸುಳ್ಳಾಗುತ್ತದೆ.

ಆಮೇಲೆ ಅಳತೆ. ವಿಮಾನದಲ್ಲಾಗಲಿ ಲಾರಿಯಲ್ಲಾಗಲಿ ಹಗುರವಾದ ದೊಡ್ಡ ಬಾಕ್ಸ್‌ಗಳನ್ನು ತುಂಬಿದರೆ, ತೂಕದ ಮಿತಿ ಮುಟ್ಟುವ ಮುಂಚೆಯೇ ಜಾಗ ಮುಗಿಯುತ್ತದೆ. ಅದಕ್ಕೇ ಕಂಪನಿಗಳು ವಾಲ್ಯೂಮೆಟ್ರಿಕ್ ತೂಕ ಎಂಬ ಲೆಕ್ಕ ಇಟ್ಟುಕೊಂಡಿವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಬಂದ ಉತ್ತರ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಡಿಎಚ್‌ಎಲ್ ಎಕ್ಸ್‌ಪ್ರೆಸ್, ಫೆಡೆಕ್ಸ್, ಯುಪಿಎಸ್‌ನಂಥ ಕಂಪನಿಗಳು ದೇಶದಿಂದ ದೇಶಕ್ಕೆ ಹೋಗುವ ಪಾರ್ಸೆಲ್‌ಗೆ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ವಿಮಾನದ ಸಾಮಾನ್ಯ ಕಾರ್ಗೋದಲ್ಲಿ 6000 ರೂಢಿ. ಕೆಲವು ಕಡೆ 4000 ಕೂಡ ಉಂಟು.

ಒಂದು ಬಟ್ಟೆಯ ಗೊಂಬೆ ಇದೆ ಎಂದುಕೊಳ್ಳಿ. ಪ್ಯಾಕ್ ಆದ ಮೇಲೆ 900 ಗ್ರಾಂ. ಬಾಕ್ಸ್ 30, 25, 20 ಸೆಂಟಿಮೀಟರ್. ಗುಣಿಸಿದರೆ 15,000. ಅದನ್ನು 5000ದಿಂದ ಭಾಗಿಸಿದರೆ 3 ಕಿಲೋ. ಅಂದರೆ 900 ಗ್ರಾಂ ಗೊಂಬೆಗೆ 3 ಕಿಲೋ ದರ. 6000ದ ಲೆಕ್ಕದಲ್ಲಿ ಎರಡೂವರೆ ಕಿಲೋ, 4000ದ ಲೆಕ್ಕದಲ್ಲಿ 3.75. ಇದೇ ಗೊಂಬೆಯನ್ನು ಸ್ವಲ್ಪ ಅದುಮಿ 28, 22, 14ರ ಬಾಕ್ಸ್‌ನಲ್ಲಿ ಕೂರಿಸಿದರೆ 5000ದ ಲೆಕ್ಕದಲ್ಲಿ 1.72 ಕಿಲೋಗೆ ಇಳಿಯುತ್ತದೆ. ಅರ್ಧ ಕಿಲೋ ಸ್ಲ್ಯಾಬ್, ಅಂದರೆ ತೂಕವನ್ನು ಮುಂದಿನ ಅರ್ಧ ಕಿಲೋಗೆ ಏರಿಸಿ ದರ ಹಾಕುವ ಪದ್ಧತಿ, ಇರುವ ಕಡೆ ಅದು 2 ಕಿಲೋ ಎಂದು ಲೆಕ್ಕ. ಯಾವ ಕೊರಿಯರ್ ಜೊತೆಗೂ ಚೌಕಾಸಿ ಮಾಡದೆ ಬರೀ ಬಾಕ್ಸ್ ಬದಲಿಸಿದ್ದಕ್ಕೆ ಒಂದು ಕಿಲೋ ದುಡ್ಡು ಉಳಿಯಿತು.

ಇನ್ನೊಂದು ಸಂಗತಿ. ಕಂಪನಿಯ ಸಾರ್ಟಿಂಗ್ ಸೆಂಟರ್‌ನಲ್ಲಿ ಯಂತ್ರ ಅಳೆಯುವುದು ಬಾಕ್ಸ್‌ನ ಅತಿ ಉಬ್ಬಿದ ಜಾಗವನ್ನು. ಒಳಗೆ ಜಾಸ್ತಿ ತುರುಕಿ ಮುಚ್ಚಳ ಎರಡು ಸೆಂಟಿಮೀಟರ್ ಎದ್ದಿದ್ದರೆ, ನಿಮ್ಮ 20ರ ಎತ್ತರ ಅಲ್ಲಿ 22 ಆಗುತ್ತದೆ. ಮೊದಲಿನ ಬಾಕ್ಸ್‌ನ 3 ಕಿಲೋ 3.3 ಆಗುತ್ತದೆ, ಸ್ಲ್ಯಾಬ್ ಮೂರೂವರೆಗೆ ಹಾರುತ್ತದೆ. ಟೇಪು ಹಚ್ಚುವ ಮುಂಚೆ ಬಾಕ್ಸ್ ಮೇಲೆ ಅಂಗೈ ಆಡಿಸಿ ನೋಡಿ. ಸಮತಟ್ಟಾಗಿ ಇಲ್ಲದಿದ್ದರೆ ಒಳಗಿನ ಜೋಡಣೆ ಬದಲಿಸಿ.

ಹೀಗಾಗಿ ಯಾವ ಕಂಪನಿಗೆ ಫೋನ್ ಮಾಡಿದರೂ ಮೊದಲ ಪ್ರಶ್ನೆ ಕಿಲೋಗೆ ಎಷ್ಟು ಎಂದಲ್ಲ. ಎಷ್ಟರಿಂದ ಭಾಗಿಸುತ್ತೀರಿ, ಸ್ಲ್ಯಾಬ್ ಎಷ್ಟು ಗ್ರಾಂನದು ಎಂದು ಕೇಳಿ. ಹಗುರವಾದ, ಜಾಗ ತಿನ್ನುವ ಸರಕು ಮಾರುವವರಿಗೆ ದರಪಟ್ಟಿಯ ಮೊದಲ ಸಾಲಿಗಿಂತ ಈ ಎರಡು ಉತ್ತರಗಳೇ ಮುಖ್ಯ. ಪುಸ್ತಕ, ಲೋಹದ ಸಾಮಾನಿನಂಥ ಗಟ್ಟಿ ತೂಕದ ಸರಕಾದರೆ ಇದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ಅಂಚೆ

ಸಣ್ಣ ಮಾರಾಟಗಾರರು ಅಂಚೆಯನ್ನು ಹಳೆಯ ಕಾಲದ್ದು ಎಂದು ಬದಿಗಿಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಹಗುರವಾದ, ಬೆಲೆ ಕಡಿಮೆ ಇರುವ ಸರಕಿಗೆ ಅದರಷ್ಟು ಹೊಂದುವ ದಾರಿ ಕಡಿಮೆ. ಖಾಸಗಿ ಕಂಪನಿ ಹೋಗದ ಹಳ್ಳಿಗೂ ಅಂಚೆ ಹೋಗುತ್ತದೆ. ದೂರದ ಜಾಗ ಎಂದು ಹೆಚ್ಚುವರಿ ಶುಲ್ಕ ಕೇಳುವುದು ಅಪರೂಪ. ಸಣ್ಣ ಪ್ಯಾಕೆಟ್‌ಗೆ ಹಲವು ದೇಶಗಳ ಅಂಚೆಯಲ್ಲಿ ನಿಜವಾದ ತೂಕಕ್ಕೇ ದರ, ವಾಲ್ಯೂಮೆಟ್ರಿಕ್ ಗೊಡವೆ ಇಲ್ಲ.

ವಿದೇಶಕ್ಕೂ ಇದೇ ಮಾತು. 1874ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟದ ಏರ್ಪಾಡಿನಿಂದ ಒಂದು ದೇಶದ ಅಂಚೆ ತೆಗೆದುಕೊಂಡ ಪ್ಯಾಕೆಟ್ಟನ್ನು ಇನ್ನೊಂದು ದೇಶದ ಅಂಚೆ ಮನೆಗೆ ತಲುಪಿಸುತ್ತದೆ. ಅಂತರರಾಷ್ಟ್ರೀಯ ಸಣ್ಣ ಪ್ಯಾಕೆಟ್‌ಗೆ 2 ಕಿಲೋ ಮಿತಿ. ಉದ್ದ, ಅಗಲ, ಎತ್ತರ ಕೂಡಿದರೆ 90 ಸೆಂಟಿಮೀಟರ್ ಮೀರಬಾರದು, ಯಾವ ಬದಿಯೂ 60 ದಾಟಬಾರದು.

ತೊಂದರೆ ಇರುವುದು ಟ್ರ್ಯಾಕಿಂಗ್‌ನಲ್ಲಿ. ಅಂಚೆಯ ಅಂತರರಾಷ್ಟ್ರೀಯ ಸಂಖ್ಯೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ ಇರುತ್ತವೆ. ಮೊದಲ ಅಕ್ಷರ ಇ ಆದರೆ ಇಎಂಎಸ್ ಎಂಬ ವೇಗದ ಅಂಚೆ, ಆರ್ ಆದರೆ ರಿಜಿಸ್ಟರ್ಡ್, ಸಿ ಆದರೆ ಪಾರ್ಸೆಲ್. ಈ ಸಂಖ್ಯೆಯನ್ನು ತಲುಪುವ ದೇಶದ ಅಂಚೆಯ ವೆಬ್‌ಸೈಟಿನಲ್ಲೂ ಹಾಕಿ ನೋಡಬಹುದು. ಎಷ್ಟೋ ಸಲ ಕಳಿಸಿದ ಕಡೆ ಏನೂ ಕಾಣದಿದ್ದಾಗ ಅಲ್ಲಿ ಸುದ್ದಿ ಸಿಗುತ್ತದೆ. ಆದರೂ ಎರಡು ದೇಶಗಳ ನಡುವೆ ಕೈ ಬದಲಾಗುವಾಗ ಎಷ್ಟೋ ದಿನ ಸ್ಕ್ಯಾನ್ ಆಗದೆ ಸುಮ್ನೆ ಇರುವುದುಂಟು. ಆ ದಿನಗಳಲ್ಲಿ ಗ್ರಾಹಕರಿಗೆ ಏನು ಉತ್ತರ ಬರೆಯುತ್ತೀರಿ ಎಂದು ಮೊದಲೇ ತಯಾರಿರಬೇಕು. ಇನ್ನು ಟ್ರ್ಯಾಕಿಂಗ್ ಇಲ್ಲದ ತೀರಾ ಅಗ್ಗದ ಅಂಚೆ ಬಗ್ಗೆ ಹೇಳುವುದಾದರೆ, ಕಳೆದುಹೋದರೂ ಇನ್ನೊಂದು ಕಳಿಸಿಕೊಡುತ್ತೇನೆ ಎನ್ನುವಂಥ ವಸ್ತುವಿಗೆ ಮಾತ್ರ ಅದು ಸರಿ.

ದೊಡ್ಡ ಎಕ್ಸ್‌ಪ್ರೆಸ್ ಕಂಪನಿಗಳು

ಯುಪಿಎಸ್, ಡಿಎಚ್‌ಎಲ್, ಫೆಡೆಕ್ಸ್ ಇಲ್ಲಿನ ಹೆಸರುಗಳು. ಇವರ ಬಲ ಇರುವುದು ಪಿಕಪ್‌ನಿಂದ ಮನೆ ಬಾಗಿಲವರೆಗೆ ಬಹುಮಟ್ಟಿಗೆ ಒಂದೇ ಕಂಪನಿಯ ಜಾಲದಲ್ಲಿ. ವಿಮಾನ ಅವರದ್ದು, ಕಸ್ಟಮ್ಸ್ ಕಾಗದ ನೋಡುವವರು ಅವರವರು, ಸ್ಕ್ಯಾನ್ ಅವರದ್ದು. ಫೆಡೆಕ್ಸ್ 1973ರ ಏಪ್ರಿಲ್‌ನಲ್ಲಿ ಅಮೆರಿಕದ ಮೆಂಫಿಸ್‌ನಿಂದ 14 ವಿಮಾನಗಳಲ್ಲಿ ಕೆಲಸ ಶುರು ಮಾಡಿತು. ಮೊದಲ ರಾತ್ರಿ 25 ಊರುಗಳಿಗೆ 186 ಪ್ಯಾಕೆಟ್. ಎಲ್ಲವನ್ನೂ ಒಂದು ನಡುವಿನ ಊರಿಗೆ ತಂದು, ರಾತ್ರಿಯೇ ವಿಂಗಡಿಸಿ, ಬೆಳಗ್ಗೆ ಹಂಚುವ ಪದ್ಧತಿ. ಇಂದಿಗೂ ದೊಡ್ಡ ಜಾಲಗಳು ನಡೆಯುವುದು ಹೀಗೆಯೇ. ಪಕ್ಕದೂರಿಗೆ ಹೋಗಬೇಕಾದ ಪಾರ್ಸೆಲ್ ಎಲ್ಲೋ ದೂರದ ಹಬ್ ಸುತ್ತಿ ಬರುವುದನ್ನು ಟ್ರ್ಯಾಕಿಂಗ್‌ನಲ್ಲಿ ನೋಡಿ ಗ್ರಾಹಕರು ಗಾಬರಿಯಾಗುತ್ತಾರೆ. ದಾರಿ ತಪ್ಪಿಲ್ಲ, ದಾರಿಯೇ ಅದು.

ಇವರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ದರದ ಕೆಳಗಿನ ಸಣ್ಣ ಅಕ್ಷರ. ಇಂಧನದ ಸರ್ಚಾರ್ಜ್ ಶೇಕಡಾವಾರು ಇರುತ್ತದೆ, ಆಗಾಗ ಬದಲಾಗುತ್ತದೆ. ಮನೆ ವಿಳಾಸಕ್ಕೆ ಬೇರೆ ಶುಲ್ಕ, ದೂರದ ಪ್ರದೇಶಕ್ಕೆ ಬೇರೆ, ವಿಳಾಸ ತಿದ್ದಿದ್ದಕ್ಕೆ ಬೇರೆ, ಹಬ್ಬದ ಸೀಸನ್‌ಗೆ ಬೇರೆ. ಆದ್ದರಿಂದ ಸೇಲ್ಸ್‌ನವರು ಬಂದಾಗ ಬರೀ ದರಪಟ್ಟಿ ತೆಗೆದುಕೊಳ್ಳಬೇಡಿ. ನಿಮ್ಮದೇ ಬಾಕ್ಸ್‌ನ ಅಳತೆ, ನಿಮ್ಮ ಗ್ರಾಹಕರು ಇರುವ ನಾಲ್ಕು ವಿಳಾಸ ಕೊಟ್ಟು, ಎಲ್ಲ ಸೇರಿ ಬಿಲ್ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಬೆಲೆಬಾಳುವ, ಬೇಗ ತಲುಪಲೇಬೇಕಾದ ಸರಕನ್ನು ವಿದೇಶಕ್ಕೆ ಕಳಿಸುವವರಿಗೆ ಈ ಖರ್ಚು ನ್ಯಾಯವಾದದ್ದು. ಬೇರೆಯವರಿಗೆ ಕಷ್ಟ.

ದೇಶದೊಳಗಿನ ಕೊರಿಯರ್, ಅಗ್ರಿಗೇಟರ್

ಹೆಚ್ಚಿನ ಸಣ್ಣ ವ್ಯಾಪಾರ ನಿಂತಿರುವುದು ದೇಶದೊಳಗಿನ ಕೊರಿಯರ್ ಮೇಲೆ. ಇಲ್ಲಿ ಒಂದೇ ಕಂಪನಿ ಎಲ್ಲ ಕಡೆ ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ಒಂದು ಊರಿನಲ್ಲಿ ಅವರ ಸ್ವಂತ ಕಚೇರಿ ಇರುತ್ತದೆ, ಇನ್ನೊಂದು ಊರಿನಲ್ಲಿ ಕೆಲಸವನ್ನು ಬೇರೆಯವರಿಗೆ ವಹಿಸಿರುತ್ತಾರೆ. ಹೆಸರು ಒಂದೇ, ಕೆಲಸ ಬೇರೆ ಬೇರೆ. ಅದಕ್ಕೇ ಕಂಪನಿಯನ್ನು ಹೊಗಳುವ ಅಥವಾ ತೆಗಳುವ ಮಾತು ಕೇಳಿದಾಗ, ಯಾವ ಪ್ರದೇಶದ ಅನುಭವ ಎಂದು ಕೇಳಿ. ನಿಮ್ಮ ಆರ್ಡರ್‌ಗಳನ್ನು ಪಿನ್‌ಕೋಡ್ ಪ್ರಕಾರ ವಿಂಗಡಿಸಿ ನೋಡಿದರೆ ಸಾಮಾನ್ಯವಾಗಿ ಕೆಲವೇ ಪ್ರದೇಶಗಳಿಗೆ ಬಹುಪಾಲು ಹೋಗುತ್ತಿರುತ್ತದೆ. ಆ ಪ್ರದೇಶಗಳಲ್ಲಿ ಯಾರು ಚೆನ್ನಾಗಿದ್ದಾರೋ ಅವರೇ ನಿಮಗೆ ಒಳ್ಳೆಯ ಕೊರಿಯರ್.

ಅಗ್ರಿಗೇಟರ್ ಎಂದರೆ ಹಲವು ಕೊರಿಯರ್‌ಗಳನ್ನು ಒಂದೇ ಪರದೆಯಲ್ಲಿ ತೋರಿಸಿ ಬುಕ್ ಮಾಡಿಸುವ ಸಂಸ್ಥೆ. ತಿಂಗಳಿಗೆ ಕೆಲವೇ ಪಾರ್ಸೆಲ್ ಕಳಿಸುವವರಿಗೆ ಯಾವ ದೊಡ್ಡ ಕಂಪನಿಯೂ ಒಳ್ಳೆಯ ದರ ಕೊಡುವುದಿಲ್ಲ, ಅಲ್ವಾ? ಅಗ್ರಿಗೇಟರ್ ಎಲ್ಲರ ಪಾರ್ಸೆಲ್ ಒಟ್ಟು ಹಾಕಿ ಚೌಕಾಸಿ ಮಾಡಿರುತ್ತಾರೆ. ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ: ಮೊದಲ ತಿಂಗಳುಗಳಲ್ಲಿ ಅಗ್ರಿಗೇಟರ್ ಮೂಲಕ ಹೋಗಿ, ಬೇರೆ ಬೇರೆ ಕೊರಿಯರ್ ಪರೀಕ್ಷೆ ಮಾಡಿ. ಯಾವ ಕಂಪನಿಗೂ ಕಟ್ಟುಬೀಳದೆ ಕಲಿಯಬಹುದು.

ಆದರೆ ಏನಾದರೂ ಕೆಟ್ಟಾಗ ನಿಮ್ಮ ಮತ್ತು ಕೊರಿಯರ್ ನಡುವೆ ಇನ್ನೊಬ್ಬರು ನಿಂತಿರುತ್ತಾರೆ. ಕೊರಿಯರ್ ಕಚೇರಿಗೆ ಹೋದರೆ ನಿಮ್ಮ ಅಗ್ರಿಗೇಟರನ್ನು ಕೇಳಿ ಎನ್ನುತ್ತಾರೆ. ಅಗ್ರಿಗೇಟರ್‌ಗೆ ಬರೆದರೆ ಕೊರಿಯರ್‌ಗೆ ಕಳಿಸಿದ್ದೇವೆ, ಕಾಯಿರಿ ಎನ್ನುತ್ತಾರೆ. ತೂಕದ ತಕರಾರು ಬಂದರೆ ನೀವು ಅಗ್ರಿಗೇಟರ್ ಬಳಿ ಮುಂಗಡ ತುಂಬಿಟ್ಟ ವಾಲೆಟ್‌ನಿಂದ ಮೊದಲೇ ದುಡ್ಡು ಕಡಿತವಾಗಿರುತ್ತದೆ, ವಾದ ಆಮೇಲೆ. ಇದಕ್ಕೆ ಮದ್ದು ಒಂದೇ. ಪ್ರತಿ ಪಾರ್ಸೆಲ್‌ಗೆ ಎರಡು ಫೋಟೋ: ತಕ್ಕಡಿಯ ಮೇಲೆ ಲೇಬಲ್ ಮತ್ತು ತೂಕ ಎರಡೂ ಕಾಣುವಂತೆ ಒಂದು, ಅಳತೆ ಟೇಪು ಹಿಡಿದು ಇನ್ನೊಂದು. ತಕರಾರು ಎತ್ತಲು ಎಷ್ಟು ದಿನ ಅವಕಾಶ ಎಂದು ಸೇರುವ ಮುಂಚೆಯೇ ತಿಳಿದುಕೊಳ್ಳಿ. ಆ ಅವಧಿ ಬಹಳ ಚಿಕ್ಕದಿದ್ದರೆ ಅಂಥವರ ಅಗ್ಗದ ದರ ನಂಬಬೇಡಿ.

ಮಾರ್ಕೆಟ್‌ಪ್ಲೇಸ್‌ಗಳೇ ಕೊಡುವ ಸಾಗಣೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಲ್ಲೇ ಮಾರುವವರಿಗೆ ಅದು ಸುಲಭ. ಸ್ವಂತ ವೆಬ್‌ಸೈಟ್ ಇರುವವರು ಅದರ ಮೇಲೆ ಪೂರ್ತಿ ನಿಂತರೆ, ನಾಳೆ ಅವರ ನಿಯಮ ಬದಲಾದಾಗ ಕೈಕಟ್ಟಿದಂತಾಗುತ್ತದೆ.

ವಾಪಸ್ ಬರುವ ಪಾರ್ಸೆಲ್‌ನ ಲೆಕ್ಕ

ಈಗ ನನಗೆ ಅತಿ ಮುಖ್ಯ ಅನಿಸುವ ಲೆಕ್ಕ. ಒಬ್ಬರ ದರ ಪಾರ್ಸೆಲ್‌ಗೆ 40, ಇನ್ನೊಬ್ಬರದ್ದು 46 ಎಂದಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ವಾಪಸ್ ಬಂದರೆ ಹೋದಷ್ಟೇ ದರ ಮತ್ತೆ. 100 ಪಾರ್ಸೆಲ್ ಕಳಿಸಿದಿರಿ. ಮೊದಲಿನವರಲ್ಲಿ 12 ವಾಪಸ್ ಬಂದವು. ಹೋಗಲು 4000, ಬರಲು 480, ಒಟ್ಟು 4480. ತಲುಪಿದ್ದು 88. ಅಂದರೆ ತಲುಪಿದ ಒಂದೊಂದಕ್ಕೆ 50.9. ಎರಡನೆಯವರಲ್ಲಿ ವಾಪಸ್ ಬಂದದ್ದು 5. ಹೋಗಲು 4600, ಬರಲು 230, ಒಟ್ಟು 4830. ತಲುಪಿದ್ದು 95. ಒಂದೊಂದಕ್ಕೆ 50.8. ದರಪಟ್ಟಿಯಲ್ಲಿ ಕಂಡ 6ರ ಉಳಿತಾಯ ಎಲ್ಲಿ ಹೋಯಿತು? ಅದರ ಮೇಲೆ ಏಳು ಮಾರಾಟ ತಪ್ಪಿದವು, ಏಳು ಬಾಕ್ಸ್ ವ್ಯರ್ಥ, ಏಳು ಗ್ರಾಹಕರು ಮತ್ತೆ ಬರುವುದು ಅನುಮಾನ.

ವಾಪಸ್ ಬರುವುದಕ್ಕೆ ಎಲ್ಲ ಸಲ ಕೊರಿಯರ್ ಕಾರಣ ಅಲ್ಲ. ಗ್ರಾಹಕರು ಮನಸ್ಸು ಬದಲಿಸುತ್ತಾರೆ, ಫೋನ್ ತೆಗೆಯುವುದಿಲ್ಲ, ವಿಳಾಸ ಅರ್ಧ ಬರೆದಿರುತ್ತಾರೆ. ಕ್ಯಾಶ್ ಆನ್ ಡೆಲಿವರಿ ಇದ್ದರೆ ಇನ್ನೂ ಜಾಸ್ತಿ. ಆದರೆ ಗ್ರಾಹಕರು ಮನೆಯಲ್ಲೇ ಇದ್ದರೂ "ಗ್ರಾಹಕರು ಸಿಗಲಿಲ್ಲ" ಎಂದು ಟ್ರ್ಯಾಕಿಂಗ್‌ನಲ್ಲಿ ಬಿದ್ದಿರುವುದು ಈ ವ್ಯಾಪಾರದಲ್ಲಿ ಇರುವ ಯಾರಿಗೂ ಹೊಸದಲ್ಲ. ಹಾಗಾಗಿ ಕೇಳಿ: ಎಷ್ಟು ಸಲ ಮನೆಗೆ ಹೋಗುತ್ತೀರಿ? ಮೊದಲ ಸಲ ಆಗದಿದ್ದರೆ ನನಗೆ ಅದೇ ದಿನ ಗೊತ್ತಾಗುತ್ತದೆಯೇ? ನಾನು ಗ್ರಾಹಕರಿಗೆ ಫೋನ್ ಮಾಡಿ ಸರಿಯಾದ ವಿಳಾಸ ಕೊಟ್ಟರೆ ಎರಡನೇ ಸಲಕ್ಕೆ ಅದು ಡೆಲಿವರಿ ಹುಡುಗನ ಕೈಗೆ ತಲುಪುತ್ತದೆಯೇ? ವಾಪಸ್ ಹೊರಡುವ ಮುಂಚೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಹತ್ತಿರದ ಪಿಕಪ್ ಪಾಯಿಂಟ್ ಅಥವಾ ಲಾಕರ್‌ನಲ್ಲಿ ಇಡುವ ಸೌಕರ್ಯ ಇದ್ದರೆ ಅದು ದೊಡ್ಡ ಅನುಕೂಲ. ಅಲ್ಲಿ ಮನೆಗೆ ಬೀಗ ಎನ್ನುವ ಸಮಸ್ಯೆಯೇ ಇಲ್ಲ.

ಕಳೆದರೆ, ಒಡೆದರೆ

ಪಾರ್ಸೆಲ್ ಬುಕ್ ಮಾಡುವಾಗ ಬೆಲೆ ಬರೆದರೆ ಅದು ವಿಮೆಯಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಕಸ್ಟಮ್ಸ್‌ಗೆ ಬರೆಯುವ ಬೆಲೆ ಬೇರೆ, ವಿಮೆ ಬೇರೆ. ಬೇರೆಯಾಗಿ ವಿಮೆ ತೆಗೆದುಕೊಳ್ಳದಿದ್ದರೆ ಸಿಗುವ ಪರಿಹಾರ ನಿಮ್ಮ ವಸ್ತುವಿನ ಬೆಲೆಗೆ ಸಂಬಂಧವೇ ಇಲ್ಲದಷ್ಟು ಕಡಿಮೆ ಇರಬಹುದು. ದೇಶದಿಂದ ದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ ಸಾಮಾನ್ಯವಾಗಿ 1999ರ ಮಾಂಟ್ರಿಯಲ್ ಒಪ್ಪಂದದ ಮಿತಿ ಅನ್ವಯಿಸುತ್ತದೆ. 2024ರ ಡಿಸೆಂಬರ್ 28ರಿಂದ ಅದು ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹಣದ ಲೆಕ್ಕಕ್ಕೆ ಬಳಸುವ ಘಟಕ. ಗಮನಿಸಿ, ಇಲ್ಲಿ ಲೆಕ್ಕ ತೂಕದ ಮೇಲೆ. 200 ಗ್ರಾಂ ಪ್ಯಾಕೆಟ್ಟಿಗೆ 5.2 ಎಸ್‌ಡಿಆರ್. ಒಳಗಿದ್ದದ್ದು ಬೆಳ್ಳಿ ಉಂಗುರವೋ ಗಾಜಿನ ಬಳೆಯೋ, ಮಿತಿ ಒಂದೇ. ಹಗುರವಾದ ಬೆಲೆಬಾಳುವ ವಸ್ತು ಮಾರುವವರು ವಿಮೆ ಇಲ್ಲದೆ ಒಂದು ಪ್ಯಾಕೆಟ್ಟನ್ನೂ ಕಳಿಸಬಾರದು.

ಒಡೆದರೆ ಕ್ಲೈಮ್ ಮಾಡಲು ಗಡುವು ಇರುತ್ತದೆ. ಮೇಲಿನ ಒಪ್ಪಂದದ ಪ್ರಕಾರ, ಹಾನಿಯಾದ ಸರಕಿನ ಬಗ್ಗೆ ಕೈಸೇರಿದ 14 ದಿನದೊಳಗೆ ಲಿಖಿತ ದೂರು ಹೋಗಬೇಕು. ಕಂಪನಿಗಳ ಸ್ವಂತ ಗಡುವು ಇನ್ನೂ ಚಿಕ್ಕದಿರಬಹುದು. ಗಾಜು, ಪಿಂಗಾಣಿ ಮಾರುವವರು ಇನ್ನೊಂದನ್ನು ನೋಡಬೇಕು: ಎಷ್ಟೋ ವಿಮೆಗಳಲ್ಲಿ ಒಡೆಯುವ ವಸ್ತುವನ್ನು ಹೊರಗಿಟ್ಟಿರುತ್ತಾರೆ, ಅಥವಾ ಪ್ಯಾಕಿಂಗ್ ಸಾಲದು ಎಂದು ಕ್ಲೈಮ್ ತಿರಸ್ಕರಿಸುತ್ತಾರೆ. ವಿಮೆ ಕೊಳ್ಳುವ ಮುಂಚೆ ಹೊರಗಿಟ್ಟ ವಸ್ತುಗಳ ಪಟ್ಟಿ ಓದಿ.

ನಿಮ್ಮ ಸರಕಿನಲ್ಲಿ ಬ್ಯಾಟರಿ ಇದ್ದರೆ ಈ ಎಲ್ಲದಕ್ಕಿಂತ ಮುಂಚೆ ಅದನ್ನು ವಿಚಾರಿಸಿ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಕಾರ್ಗೋ ಆಗಿ ಒಯ್ಯುವುದನ್ನು 2016ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಪವರ್ ಬ್ಯಾಂಕ್ ಕೂಡ ಬಿಡಿ ಬ್ಯಾಟರಿ ಎಂದೇ ಲೆಕ್ಕ. ಸುಗಂಧದ್ರವ್ಯ, ನೇಲ್ ಪಾಲಿಶ್‌ಗೂ ಬೆಂಕಿ ಹತ್ತುವ ವಸ್ತುವಿನ ನಿಯಮ ಇದೆ. ಇಂಥ ಸರಕು ತೆಗೆದುಕೊಳ್ಳುವ ಕೊರಿಯರ್‌ನವರು ಇಬ್ಬರೇ ಆದರೆ ಹೋಲಿಕೆಯೂ ಆ ಇಬ್ಬರಲ್ಲೇ.

ವಿದೇಶಕ್ಕೆ ಕಳಿಸುವಾಗ ಸುಂಕ ಯಾರದ್ದು

ಗ್ರಾಹಕರು ವಸ್ತುವಿಗೆ ದುಡ್ಡು ಕೊಟ್ಟು, ಸಾಗಣೆಗೂ ಕೊಟ್ಟು, ಬಾಗಿಲಲ್ಲಿ ಮತ್ತೆ ಸುಂಕ ಕೇಳಿದರೆ ಪಾರ್ಸೆಲ್ ಬೇಡ ಎನ್ನುತ್ತಾರೆ. ಅದು ವಾಪಸ್ ಬರುವ ಖರ್ಚು ನಿಮ್ಮ ತಲೆಗೆ. ಡಿಡಿಪಿ ಎಂದರೆ ಸುಂಕ ನೀವು ಮೊದಲೇ ಕಟ್ಟುವುದು. ಡಿಎಪಿ ಎಂದರೆ ಪಡೆಯುವವರು ಕಟ್ಟುವುದು. ಸಣ್ಣ ಬೆಲೆಯ ಪಾರ್ಸೆಲ್‌ಗೆ ಸುಂಕ, ತೆರಿಗೆ ಇಲ್ಲ ಎಂದು ನೆಮ್ಮದಿಯಾಗಿದ್ದ ಕಾಲ ಮುಗಿಯುತ್ತಿದೆ. ಯೂರೋಪಿಯನ್ ಒಕ್ಕೂಟ 22 ಯೂರೋವರೆಗಿನ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆಯಿತು. ಅಮೆರಿಕ 800 ಡಾಲರ್‌ವರೆಗಿನ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಹಾಗಾಗಿ ಡಿಡಿಪಿ ಮಾಡಿಕೊಡುವ ಕೊರಿಯರ್‌ಗೆ ಸ್ವಲ್ಪ ಜಾಸ್ತಿ ಕೊಡುವುದು ಇವತ್ತಿನ ಮಟ್ಟಿಗೆ ಒಳ್ಳೆಯದು. ಸುಂಕ ಮುಂಗಡ ಕಟ್ಟಿದ್ದಕ್ಕೆ ಕಂಪನಿ ತನ್ನ ಶುಲ್ಕ ಎಷ್ಟು ಹಾಕುತ್ತದೆ ಎಂದೂ ಕೇಳಿಕೊಳ್ಳಿ. ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕಿನ ಬಗೆ ಗುರುತಿಸುವ ಸಂಖ್ಯೆ, ಸರಿಯಾಗಿ ಬರೆಯಿರಿ, ಅದರ ಮೊದಲ 6 ಅಂಕಿ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ. ಮಾರಿದ ವಸ್ತುವನ್ನು ಉಡುಗೊರೆ ಎಂದು ಬರೆಯಲು ಗ್ರಾಹಕರು ಕೇಳಿದರೂ ಒಪ್ಪಬೇಡಿ. ಅದು ಸುಳ್ಳು ಘೋಷಣೆ, ಸಿಕ್ಕಿಬಿದ್ದರೆ ಸಹಿ ನಿಮ್ಮದು.

ಪರೀಕ್ಷೆ, ಆಮೇಲೆ ಒಪ್ಪಂದ

ಇಷ್ಟಾದ ಮೇಲೆ ಇಬ್ಬರನ್ನು ಆರಿಸಿ. ಒಂದು ತಿಂಗಳು ಒಂದೇ ರೀತಿಯ ಪಾರ್ಸೆಲ್‌ಗಳನ್ನು ಒಂದೇ ಪ್ರದೇಶಗಳಿಗೆ ಇಬ್ಬರ ಮೂಲಕವೂ ಕಳಿಸಿ. ಒಂದು ಶೀಟ್‌ನಲ್ಲಿ ಬರೆದಿಡಿ: ಪಿಕಪ್ ಹೇಳಿದ ಹೊತ್ತಿಗೆ ಆಯಿತೇ, ಮೊದಲ ಸ್ಕ್ಯಾನ್ ಯಾವಾಗ, ತಲುಪಿದ್ದು ಯಾವಾಗ, ಕೊನೆಗೆ ಬಿಲ್‌ನಲ್ಲಿ ಬಂದ ತೂಕ ಎಷ್ಟು. ಮೊದಲ ಸ್ಕ್ಯಾನ್ ಬಗ್ಗೆ ವಿಶೇಷ ಗಮನ ಇರಲಿ. ಲೇಬಲ್ ತಯಾರಾಗಿದೆ ಎಂದು ತೋರಿಸುವುದು ಪಾರ್ಸೆಲ್ ಅವರ ಕೈಗೆ ಹೋಗಿದೆ ಎಂದಲ್ಲ. ಪಿಕಪ್‌ಗೆ ಬಂದವರು ಅಲ್ಲೇ ಸ್ಕ್ಯಾನ್ ಮಾಡದಿದ್ದರೆ ಪಾರ್ಸೆಲ್‌ಗಳ ಪಟ್ಟಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ನಡುವೆ ಒಂದು ಸಲ ಬೇಕೆಂದೇ ಗ್ರಾಹಕ ಸೇವೆಗೆ ಪ್ರಶ್ನೆ ಬರೆದು, ಮನುಷ್ಯರು ಉತ್ತರಿಸಲು ಎಷ್ಟು ಹೊತ್ತು ಬೇಕಾಯಿತು ನೋಡಿ.

ಗೆದ್ದವರಿಗೆ ಹೆಚ್ಚಿನ ಪಾರ್ಸೆಲ್ ಕೊಡಿ, ಆದರೆ ಎರಡನೆಯವರ ಖಾತೆ ಮುಚ್ಚಬೇಡಿ. ಮುಷ್ಕರ, ಪ್ರವಾಹ, ಸೀಸನ್‌ನ ನೂಕುನುಗ್ಗಲು ಯಾವಾಗ ಬೇಕಾದರೂ ಬರುತ್ತದೆ. ಆಗ ಹೊಸ ಖಾತೆ ತೆರೆಯಲು ಸಮಯ ಇರುವುದಿಲ್ಲ. ಆರ್ಡರ್ ಬೆಳೆದ ಮೇಲೆ ನೇರ ಒಪ್ಪಂದಕ್ಕೆ ಕೂತಾಗ ನಿಮ್ಮ ಶೀಟ್ ಮುಂದಿಟ್ಟು ಮಾತಾಡಿ. ಕಿಲೋ ದರ ಇಳಿಸಲು ಒಪ್ಪದಿದ್ದರೆ ಭಾಗಿಸುವ ಸಂಖ್ಯೆ ಹೆಚ್ಚಿಸಲು ಕೇಳಿ, ವಾಪಸ್ ದರ ಕಡಿಮೆ ಮಾಡಲು ಕೇಳಿ. ಅಲ್ಲಿ ಬಗ್ಗುವವರು ಇರುತ್ತಾರೆ. ತಿಂಗಳಿಗೆ ಇಷ್ಟು ಪಾರ್ಸೆಲ್ ಕೊಡಲೇಬೇಕು ಎನ್ನುವ ಷರತ್ತು ಇದ್ದರೆ, ನಿಮ್ಮ ಅತಿ ಕಡಿಮೆ ಮಾರಾಟದ ತಿಂಗಳ ಸಂಖ್ಯೆಯನ್ನು ನೋಡಿಕೊಂಡು ಸಹಿ ಹಾಕಿ.